ತೀರಿದ ವಿಮೆ

ನಮ್ಮ ಕಾರಿನ ವಿಮೆ ಒಂದು ವರ್ಷ ಬದುಕಿದ್ದು ತೀರಿಕೊಂಡಿತು. ಇದು ನಾನು ಕಟ್ಟಿ ಹೇಳುವ ಮಾತಲ್ಲ, ಜನನ ಮರಣ ಕಚೇರಿಯವರು ದುಂಡು ಮೊಹರು ಒತ್ತಿ ಹೇಳಿದ್ದು.

ಸುದ್ದಿ ಮೊದಲು ಕಾಗದದಲ್ಲಿ ಬಂದಿತ್ತು. ನನ್ನ ಮಗಳು ದಾದಿ. ಕಾರಿನಲ್ಲಿ ಮನೆಮನೆಗೆ ಹೋಗಿ ಬಾಣಂತಿಯರನ್ನೂ ಎಳೆಗೂಸುಗಳನ್ನೂ ನೋಡಿಕೊಂಡು ಬರುವುದು ಅವಳ ಕೆಲಸ. ಒಂದು ಕಾಲು ಚಪ್ಪಲಿಯಲ್ಲಿ, ಇನ್ನೊಂದು ಕಾಲು ಹೊಸಿಲಿನ ಒಳಗೆ ಇಟ್ಟುಕೊಂಡೇ ಓದಿದಳು: "ತಮ್ಮ ವಾಹನದ ವಿಮೆಯು ತೀರಿರುತ್ತದೆಂದು ತಿಳಿಸಲು ವಿಷಾದಿಸುತ್ತೇವೆ." ಅರ್ಥ ಹೇಳಿದವಳು ನಾನು. ಸಾಲ ತೀರಿತು ಅಂದರೇನು, ಇನ್ನು ಕೊಡುವಂಥದ್ದಿಲ್ಲ ಅಂತ ತಾನೇ, ಇದೂ ಹಾಗೇ ಅಂದೆ. ಮತ್ತೆ ವಿಷಾದ ಯಾಕಮ್ಮ ಅಂತ ಕೇಳಿದಳು. ನಮ್ಮಿಂದ ಇನ್ನು ಏನೂ ಹುಟ್ಟುವುದಿಲ್ಲವಲ್ಲ, ಅವರಿಗೆ ಬೇಜಾರಾಗದೆ ಇರುತ್ತದೆಯೇ ಅಂದೆ. ಅವಳಿಗೂ ಸರಿ ಅನ್ನಿಸಿತು. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಕುಂಟುತ್ತಿದ್ದ ಮೇಜಿನ ಕಾಲಿಗೆ ಕೊಟ್ಟೆ.

ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಔಷಧಿ ಅಂಗಡಿಯ ಮುಂದೆ ಅವಳು ಕಾರು ಹಿಂದಕ್ಕೆ ತೆಗೆಯುತ್ತಿದ್ದಳು. ದಾರಿ ತೋರಿಸಲು ನಾನು ಹಿಂದೆ ನಿಂತಿದ್ದೆ. ಬಾ ಬಾ ಅಂದೆ. ಅಂದದ್ದು ಅಂಗಡಿಯಿಂದ ಇಳಿಯುತ್ತಿದ್ದ ಪರಿಚಯದವಳಿಗೆ, ಬಂದದ್ದು ಕಾರು. ಹಿಂದೆ ನಿಲ್ಲಿಸಿದ್ದ ಹಲ್ಲಿನ ಡಾಕ್ಟರ ಕಾರಿನ ದೀಪ ಒಂದು ಪುಡಿಯಾಯಿತು.

ಡಾಕ್ಟರು ಒಳ್ಳೆಯವರು. ಬಾಯಿ ತೆರೆಸಿ ನೋಡುವ ಹಾಗೆ ದೀಪದ ಗುಳಿಯೊಳಗೆ ಬಗ್ಗಿ ನೋಡಿ, ಗಾಬರಿಯಾಗಬೇಡಿ, ವಿಮೆ ಇರುತ್ತಲ್ಲ ಅಂದರು. ಇರುತ್ತಲ್ಲ ಏನು, ಪೂರ್ತಿ ತೀರಿದೆ ಅಂತ ನಾನು ಹೆಮ್ಮೆಯಿಂದಲೇ ಹೇಳಿದೆ. ಪಕ್ಕದಲ್ಲಿ ನಿಂತಿದ್ದ ಪೊಲೀಸಿನವನ ಕಿವಿಗೂ ಅದು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕಾರು ಠಾಣೆಯ ಅಂಗಳದಲ್ಲಿತ್ತು.

ತೀರುವುದಕ್ಕೆ ಇನ್ನೊಂದು ಅರ್ಥವೂ ಇದೆ ಎಂದು ಠಾಣೆಯ ಬರಹಗಾರ ಬಿಡಿಸಿ ಹೇಳಿದ. ಮಗಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ. ಅವಳ ಆಸ್ಪತ್ರೆಯಲ್ಲಿ ಒಂದು ಕಟ್ಟಳೆ ಇದೆ: ಹದಿನೈದು ದಿನ ಕಾರಿಲ್ಲದ ದಾದಿಯ ಜಾಗಕ್ಕೆ ಕಾರಿರುವ ದಾದಿ ಬರುತ್ತಾಳೆ. ಮಗಳ ಕೆಲಸ ಈಗ ನನ್ನ ನಾಲಿಗೆಯ ಮೇಲೆ ಕೂತಿತ್ತು.

ಠಾಣೆಯ ಫಾರಮ್ಮಿನಲ್ಲಿ ಹೀಗಿತ್ತು: "ವಿಮೆ ಇದ್ದಲ್ಲಿ ನಕಲನ್ನೂ, ತೀರಿದ್ದಲ್ಲಿ ಮರಣ ಪ್ರಮಾಣಪತ್ರವನ್ನೂ ಲಗತ್ತಿಸತಕ್ಕದ್ದು." ಇದು ಮನುಷ್ಯರ ಮಾತಿರಬೇಕು ಸ್ವಾಮಿ ಅಂದಳು ಮಗಳು. ಯಾರ ಮಾತು ಅಂತ ಬರೆದಿಲ್ಲಮ್ಮ, ಬರೆಯದೆ ಇದ್ದದ್ದನ್ನ ನಾನು ಓದೋಕಾಗಲ್ಲ ಅಂದ ಬರಹಗಾರ.

ಜನನ ಮರಣ ಕಚೇರಿಯ ಕಿಟಕಿಯಲ್ಲಿದ್ದ ಹೆಂಗಸು ಕರುಣೆಯವಳು. ವಯಸ್ಸು ಒಂದೇ ವರ್ಷ ಎಂದು ಕೇಳಿ ಲೊಚಗುಟ್ಟಿದಳು. ಮಾಡುತ್ತಿದ್ದ ಕೆಲಸ: ಕಾರನ್ನು ನೋಡಿಕೊಳ್ಳುವುದು. ಸೇವೆ: ವಿಮಾ ಕಚೇರಿ. ಕಾರಣ: ಕಂತು ನಿಂತು. ಅಗಲಿದ್ದು: ಒಂದು ಕಾರನ್ನು. ಎಲ್ಲ ಬರೆದುಕೊಂಡು, ಇನ್ನು ಡಾಕ್ಟರ ರುಜು ಬೇಕು ಅಂದಳು. ನಮಗೆ ಗೊತ್ತಿದ್ದ ಡಾಕ್ಟರು ಆ ಹಲ್ಲಿನವರೊಬ್ಬರೇ. ಈ ಕಡತ ಸರಿಯದೆ ಅವರ ದೀಪವೂ ಬರುವ ಹಾಗಿರಲಿಲ್ಲವಾಗಿ ಅವರೂ ಬಂದರು. ನಾನು ಬಾಯಿ ಮಾತ್ರ ನೋಡೋನು ತಾಯಿ ಅಂದರು.

"ಕೊನೇಲಿ ಬಾಯಿ ಮುಚ್ಚಿತ್ತೋ ತೆರೆದಿತ್ತೋ, ಅಷ್ಟು ಬರೀರಿ ಸಾಕು," ಅಂದಳು ಕಿಟಕಿಯವಳು.

ಡಾಕ್ಟರು ಬಹಳ ಹೊತ್ತು ಯೋಚನೆ ಮಾಡಿ, ಮುಚ್ಚಿತ್ತು ಎಂದು ಬರೆದರು.

ಪತ್ರ ಹಿಡಿದು ಠಾಣೆಗೆ ಹೋದರೆ, ಕಡತವೇನೋ ಪೂರ್ತಿಯಾಯಿತು, ಆದರೆ ವಿಮೆಯಿಲ್ಲದ ಕಾರು ಗೇಟು ದಾಟುವ ಹಾಗಿಲ್ಲ ಅಂದರು. ಹೊಸ ವಿಮೆ ಮಾಡಿಸೋಣವೆಂದರೆ ವಿಮಾ ಕಚೇರಿಯ ಗುಮಾಸ್ತ, ಕಾರು ತಂದು ತೋರಿಸಿ ಅಂದ. ಕಾರು ತರಬೇಕಾದರೆ ವಿಮೆ ಬೇಕು, ವಿಮೆ ಬೇಕಾದರೆ ಕಾರು ಬರಬೇಕು. ಈ ಎರಡರ ನಡುವೆ ಓಡಾಡುತ್ತಲೇ ಕಾರು ಹೋಗಿ ಹದಿಮೂರು ದಿನವಾಯಿತು. ಮಗಳು ಬಾಣಂತಿಯರ ಮನೆಗೆ ನಡೆದೇ ಹೋಗಿ, ಕೂಸುಗಳು ಎದ್ದು ನಡೆಯುವ ಹೊತ್ತಿಗೆ ತಲುಪುತ್ತಿದ್ದಳು ಅಂದರೆ ಸ್ವಲ್ಪ ಹೆಚ್ಚಾದೀತು. ಬೈಯಲಿಲ್ಲ ಅವಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹದಿಮೂರನೆಯ ದಿನ ವಿಮಾ ಕಚೇರಿಯ ಬೆಂಚಿನ ಮೇಲೆ ಕೂತಿದ್ದಾಗ, ಗೋಡೆಯ ಮೇಲಿನ ಪ್ರಕಟಣೆ ಓದು ಅಂದೆ. ಅವಳು ಓದಿದಳು: "ಕಚೇರಿಯ ಸೇವೆಯಲ್ಲಿದ್ದಾಗ ತೀರಿಕೊಂಡವರ ಅವಲಂಬಿತರಿಗೆ ಅನುಕಂಪದ ಮೇಲೆ ನೌಕರಿ ಕೊಡತಕ್ಕದ್ದು." ಎದ್ದು ಹೋಗಿ ಮರಣ ಪತ್ರವನ್ನು ಗುಮಾಸ್ತನ ಮುಂದಿಟ್ಟೆ. ನಿಮ್ಮಲ್ಲಿ ದುಡಿಯುತ್ತಲೇ ಹೋಯಿತಪ್ಪಾ, ಅದನ್ನೇ ನಂಬಿದ್ದ ಕಾರು ಈಗ ಬಿಸಿಲಲ್ಲಿ ನಿಂತಿದೆ ಅಂದೆ.

ಅವನು ಮೊಹರನ್ನು ಬೆಳಕಿಗೆ ಹಿಡಿದು ನೋಡಿದ. ಮೊಹರು ಅಸಲಿ. ಕಾರಿನ ಹೆಸರಿಗೆ ನೌಕರಿಯ ಅರ್ಜಿಯೊಂದನ್ನು ಎಳೆದುಕೊಂಡ.

"ವಿದ್ಯಾಭ್ಯಾಸ?"

"ನನ್ನಷ್ಟೇ."

"ಕುಡಿಯೋ ಅಭ್ಯಾಸ?"

"ಪೆಟ್ರೋಲು. ಅದೂ ಮಿತವಾಗಿ."

ಈಗಿರುವ ಸಾಹೇಬರುಗಳಿಗಿಂತ ವಾಸಿ ಎಂದು ಗೊಣಗಿ ಬರೆದುಕೊಂಡ. ಮಾರನೆಯ ದಿನ ನೇಮಕದ ಆದೇಶ ಬಂತು. ಠಾಣೆಯ ಬರಹಗಾರ ಅದನ್ನು ನೋಡಿ ನೊಂದುಕೊಂಡ. ಕಚೇರಿಯ ನೌಕರರು ಅಂತ ಮೊದಲೇ ಹೇಳಬಾರದಿತ್ತೇನಜ್ಜಿ, ಅವರನ್ನ ಹೀಗೆ ಅಂಗಳದಲ್ಲಿ ನಿಲ್ಲಿಸ್ತಿದ್ವಾ ಅಂದ. ತಾನೇ ಗೇಟು ತೆಗೆದ. ಡಾಕ್ಟರ ದೀಪವನ್ನು "ಹೊಸ ನೌಕರರ ಅನುಭವದ ಕೊರತೆಯಿಂದಾದ ಹಾನಿ" ಎಂದು ಕಚೇರಿಯವರೇ ಹಾಕಿಸಿಕೊಟ್ಟರು.

ಈಗ ಕಾರು ದಿನಾ ಹತ್ತು ಗಂಟೆಗೆ ಕಚೇರಿಯ ಮುಂದೆ ಒಂದು ಸಲ ಹಾರ್ನ್ ಹೊಡೆದು ಹಾಜರಿ ಹಾಕುತ್ತದೆ. ಆಮೇಲೆ ಬೇರೆ ನೌಕರರ ಹಾಗೆಯೇ ಹೊರಗಿನ ಕೆಲಸ ಎಂದು ಹೊರಟರೆ ಸಂಜೆಯವರೆಗೆ ಸಿಗುವುದಿಲ್ಲ. ಮಗಳು ಅದರಲ್ಲೇ ಬಾಣಂತಿಯರನ್ನು ನೋಡಿ ಬರುತ್ತಾಳೆ. ಇನ್ನಾದರೂ ವಿಮೆ ಮಾಡಿಸೋಣ ಎಂದು ಅವಳು ಹೋಗಿ ಕೇಳಿದ್ದಳು. ನಮ್ಮವರಿಗೆ ನಾವೇ ವಿಮೆ ಮಾಡಿದರೆ ಜನ ಏನಂದುಕೊಂಡಾರು ಎಂದು ಕಳಿಸಿದರಂತೆ.

ಹೋದ ತಿಂಗಳು ಅದಕ್ಕೆ ಬಡ್ತಿಯಾಯಿತು. ವರ್ಷವಿಡೀ ಒಂದು ದಿನವೂ ರಜೆ ಕೇಳಿಲ್ಲ, ಯಾರಿಗೂ ಎದುರು ಮಾತಾಡಿಲ್ಲ. ಬೆಳಿಗ್ಗೆ ಹಾರ್ನ್ ಕೇಳಿದರೆ ಗುಮಾಸ್ತ ಈಗ ಕಿಟಕಿಯಲ್ಲಿ ಎದ್ದು ನಿಂತು ಕೈ ಮುಗಿಯುತ್ತಾನೆ. ಮೊದಲ ದಿನ ನನ್ನ ಮಗಳೂ ಒಳಗಿಂದ ಕೈ ಮುಗಿದಳು.

"ನಿಮಗಲ್ಲ ಅಕ್ಕ," ಅಂದ, "ಸಾಹೇಬರಿಗೆ."