ಕೊರತೆಯಿಲ್ಲದ ಓಣಿ

ಕೈಯಲ್ಲಿ ಫಾರಂ ಹಿಡಿದು ಯಾವ ಓಣಿಗೆ ಹೋದರೂ, ಜನ ನಾನು ಕೇಳಿದ್ದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಓಣಿಯ ಬಲಗಳೇನು, ಕೊರತೆಗಳೇನು ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವುದು ನನ್ನ ಕೆಲಸ. ಮೊದಲ ಪುಟ ಬಲಕ್ಕೆ, ಎರಡನೆಯದು ಕೊರತೆಗೆ. ಇದನ್ನು ಎರಡು ದಿನ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಮೂರನೆಯ ದಿನ ಉಪ್ಪಿಟ್ಟಿನ ವ್ಯವಸ್ಥೆ ಇಲ್ಲದ್ದರಿಂದ ತರಬೇತಿ ಮುಗಿಯಿತು. ಆಮೇಲೆ ದಾಂಡೇಲಿಯ ಒಂದು ಓಣಿಗೆ ನನ್ನನ್ನು ಬಿಟ್ಟರು.

1. ಹಾಸುಗಲ್ಲು

ಮೊದಲ ಮನೆ ಒಬ್ಬ ಅಜ್ಜಿಯದು. ಬಾಗಿಲಿಗೂ ರಸ್ತೆಗೂ ನಡುವೆ ಗಟಾರ. ಅದರ ಮೇಲಿನ ಹಾಸುಗಲ್ಲು ಕಳೆದ ಮಳೆಗಾಲದಲ್ಲಿ ಮುರಿದಿತ್ತು. ನಾನು ಜಿಗಿದು ಒಳಗೆ ಹೋದೆ.

"ತಮ್ಮಾ, ನಂಗೇನೂ ಬ್ಯಾಡ. ಒಂದು ಹಾಸಗಲ್ಲು ಬರ್ಕೋ. ಸೋಮವಾರ ಈಶ್ವರನ ಗುಡಿಗೆ ಹೋಗಾಕ ಆಗವಲ್ದು."

"ಅದು ಎರಡನೇ ಪುಟ, ಅಜ್ಜಿ. ಮೊದಲ ಬಲ ಹೇಳ್ರಿ."

"ಬಲಾ ಇದ್ದಿದ್ರ ನಾನೂ ನಿನ್ನಂಗ ಜಿಗಿದು ಹೋಗ್ತಿದ್ದಿಲ್ಲೇನು?"

ನಾನು ಬಿಡಲಿಲ್ಲ. ಕೊನೆಗೆ ಅಜ್ಜಿ, "ಮಗ್ಗಲ ಮನಿ ಹುಡುಗಿ ಇದ್ದಾಗ ಕೈ ಹಿಡದು ದಾಟಸ್ತಾಳ" ಎಂದಳು. ಬಲ: ನೆರೆಹೊರೆಯ ಸಹಕಾರ ಎಂದು ಬರೆದು, ಕೆಳಗೆ ಅಜ್ಜಿಯ ಮಾತನ್ನೂ ಸೇರಿಸಿದೆ. ಆಮೇಲಷ್ಟೇ ಪುಟ ತಿರುವಿ ಹಾಸುಗಲ್ಲು ಬರೆದೆ. ನಿಯಮ ನಿಯಮವೇ.

2. ದೇವರ ಕಪಾಟು

ಫಾರಂ ಬಂದರೆ ರೇಷನ್ ಕಾರ್ಡ್ ಹೋಗುತ್ತದೆ ಎಂದು ಓಣಿಯವರ ನಂಬಿಕೆ. ನಾನು ಅಜ್ಜಿಯ ಮನೆಯಿಂದ ಹೊರಬರುವಷ್ಟರಲ್ಲಿ ಸಾಲಾಗಿ ನಿಂತಿದ್ದ ಬೈಕುಗಳೆಲ್ಲ ಊರಿಗೆ ಬಂದ ಬೀಗರವಾಗಿದ್ದವು. ಬೀಗರು ಮಾತ್ರ ಎಲ್ಲೂ ಕಾಣಲಿಲ್ಲ.

ಎದುರು ಮನೆಯ ಮೂಲೆಯಲ್ಲಿ ಆಳೆತ್ತರದ ಏನೋ ಒಂದಕ್ಕೆ ಇಳಕಲ್ ಸೀರೆ ಹೊದಿಸಿ, ಮೇಲೆ ಹೂವು ಇಟ್ಟಿದ್ದರು.

"ಅದೇನ್ರಿ ಅಕ್ಕಾರ?"

"ದೇವರ ಕಪಾಟ್ರಿ."

ದೇವರು ಗುರ್ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಗುರ್ ಎಂದ.

"ಬಿಸಲಾಗ ಬಂದೀರಿ, ಹಂಗ ಹೋಗಬ್ಯಾಡ್ರಿ" ಎಂದು ಅಕ್ಕ ಸೀರೆ ಸರಿಸಿ, ಕಪಾಟಿನ ಬಾಗಿಲು ತೆಗೆದು, ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ಮಜ್ಜಿಗೆ ಕೊಟ್ಟಳು. ಪೂರ್ತಿ ಕುಡಿದು, 'ಫ್ರಿಜ್: ಇಲ್ಲ' ಎಂದು ಬರೆದೆ.

3. ಸೋಮವಾರದ ತನಕ

ಮೂರನೆಯದು ಅಜ್ಜಿಯ ಕೈ ಹಿಡಿಯುವ ಹುಡುಗಿಯ ಮನೆ. ಅವಳ ಅಪ್ಪ ನನ್ನ ಪೆನ್ನನ್ನೇ ಹಿಡಿದುಕೊಂಡ.

"ಸಾಹೇಬ್ರ, ಈಗ ಯಾವ ಕೊರತೀನೂ ಬರೀಬ್ಯಾಡ್ರಿ. ಮುಂಡಗೋಡದಿಂದ ಹೆಣ್ಣು ನೋಡಾಕ ಬರೋರದಾರ."

"ನಳದಾಗ ನೀರು ಬರ್ತಾವೇನ್ರಿ?"

"ಭರ್ತಿ ಬರ್ತಾವ." ಅವನ ಹಿಂದೆ ಹುಡುಗಿ ಖಾಲಿ ಕೊಡ ಹಿಡಿದು ನಿಂತಿದ್ದಳು. "ಸೋಮವಾರ ಬರ್ರಿ. ಅವ್ರು ಒಪ್ಪಿದ್ರ ಎಲ್ಲಾ ಕೊರತೀ ಹೇಳ್ತೇನಿ. ಒಪ್ಪಲಿಲ್ಲಂದ್ರ ಇನ್ನೊಂದು ಜಾಸ್ತಿ."

ಅಷ್ಟರಲ್ಲಿ ಗಂಡಿನ ಕಡೆಯವರು ಬಂದೇಬಿಟ್ಟರು. ಗಂಡಿನ ಸೋದರಮಾವ ನನ್ನ ಫಾರಂ ನೋಡಿ, "ಓಣೀದು ಬರದೀರಿ ಹೌದಲ್ಲ? ಈ ಮನೀದು ಏನೈತಿ, ಓದ್ರಿ" ಎಂದ. ಅಜ್ಜಿ ಹೇಳಿದ್ದನ್ನು ಓದಿದೆ.

"ಮುದುಕರ ಕೈ ಹಿಡಿಯೂ ಹುಡುಗಿ! ಇನ್ನೇನು ನೋಡೂದು? ಎಲಿ ಅಡಿಕಿ ತರ್ರಿ!"

ಹೀಗೆ ನನ್ನ ಸಮೀಕ್ಷೆಯ ಮೊದಲ ಫಲವಾಗಿ, ಓಣಿಯ ಏಕೈಕ ದಾಖಲಿತ ಬಲ ಮುಂಡಗೋಡಕ್ಕೆ ಹೊರಟುಹೋಯಿತು.

4. ಬೋರ್ಡು

ಅಜ್ಜಿ ಮನೆಯೊಳಗೇ ಉಳಿದಳು. ವರದಿ ಮಾತ್ರ ಮೇಲಕ್ಕೆ ಹೋಯಿತು. ಮೇಲಿನವರು ಮೊದಲ ಪುಟ ಓದಿ ಎಷ್ಟು ಸಂತೋಷಪಟ್ಟರೆಂದರೆ, ಎರಡನೆಯದನ್ನು ತಿರುವುವ ಪ್ರಸಂಗವೇ ಬರಲಿಲ್ಲ. ಹಾಸುಗಲ್ಲಿನ ಬದಲು ದಪ್ಪ ಕಬ್ಬಿಣದ ಬೋರ್ಡು ಬಂತು: 'ಕೊರತೆಯಿಲ್ಲದ ಓಣಿ'. ಎರಡು ಕಂಬ ನೆಟ್ಟು, ಅಜ್ಜಿಯ ಮನೆ ಪಕ್ಕದಲ್ಲೇ ಅದನ್ನು ನಿಲ್ಲಿಸಿದರು.

ತಿಂಗಳ ನಂತರ ದೊಡ್ಡ ಸಾಹೇಬರು ಅದರ ಫೋಟೊ ತೆಗೆಸಲು ಬಂದರು. ಜೊತೆಗೆ ನಾನೂ ಇದ್ದೆ. ಕಂಬಗಳೆರಡೂ ಇದ್ದವು, ಬೋರ್ಡು ಇರಲಿಲ್ಲ. ಸಾಹೇಬರು ಸರಸರನೆ ಅಜ್ಜಿಯ ಬಾಗಿಲಿಗೆ ನಡೆದರು. ಅವರು ಜಿಗಿಯಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

"ಬೋರ್ಡ್ ಎಲ್ಲಿ ಅಜ್ಜಿ? ಯಾರು ಒಯ್ದರು?"

ಹಣೆ ತುಂಬ ವಿಭೂತಿ ಹಚ್ಚಿ, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು ಅಜ್ಜಿ ಹೊರಗೆ ಬಂದಳು.

"ಯಾರೂ ಒಯ್ದಿಲ್ಲಪಾ. ನೀ ಅದರ ಮ್ಯಾಲ ನಿಂತೀದಿ. ಜರಾ ಬಾಜೂಕ ಸರಿ, ಇವತ್ತ ಸೋಮವಾರ."