ಅಟ್ಟ ಕುಸಿದದ್ದಕ್ಕೆ ಸಾಕ್ಷಿ

ಕಾದಂಬರಿ ಬರೆಯುವುದಕ್ಕಿಂತ ಬರೆಯುತ್ತಿದ್ದೇನೆ ಎಂದು ಹೇಳಿಕೊಳ್ಳುವುದು ಎಷ್ಟೋ ಸುಖ. ಆ ಸುಖವನ್ನು ನಾನು ತೊಂಬತ್ತರ ದಶಕದಲ್ಲಿ ಸತತವಾಗಿ ಆರು ವರ್ಷ ಅನುಭವಿಸಿದ್ದೇನೆ. ಮದುವೆ ಮನೆಯಲ್ಲಿ ಎಲೆ ಹಾಕುವವರೆಗಿನ ಹೊತ್ತಿನಲ್ಲಾಗಲಿ, ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಾಗಲಿ, ಯಾರಾದರೂ "ಏನ್ ಸಾರ್ ಸಮಾಚಾರ?" ಎಂದರೆ ಸಾಕು, "ಒಂದು ಕಾದಂಬರಿ ಹಿಡ್ಕೊಂಡಿದೀನಿ" ಎನ್ನುತ್ತಿದ್ದೆ. ನಿಜವಾಗಿ ಹಿಡಿದುಕೊಂಡಿದ್ದದ್ದು ಇನ್ನೂರು ಹಾಳೆಯ ಒಂದು ನೋಟ್‌ಬುಕ್ಕನ್ನು. ಅದರ ನಾಲ್ಕು ಮೂಲೆಗೂ ನನ್ನ ಹೆಂಡತಿ ಸುಮ ಶಾಸ್ತ್ರಕ್ಕೆ ಅರಿಶಿನ ಹಚ್ಚಿಕೊಟ್ಟಿದ್ದಳು. ಮೊದಲ ಪುಟದಲ್ಲಿ 'ಅಧ್ಯಾಯ ಒಂದು' ಎಂದು ಬರೆದು ಕೆಳಗೊಂದು ಗೆರೆ ಎಳೆದಿದ್ದೆ. ಆರು ವರ್ಷದಲ್ಲಿ ಆ ಗೆರೆಯನ್ನು ಮೂರು ಸಲ ತಿದ್ದಿ ದಪ್ಪ ಮಾಡಿದ್ದಷ್ಟೇ ಪ್ರಗತಿ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಆದರೆ ಊರಿನಲ್ಲೊಂದು ವಾರಪತ್ರಿಕೆ ನಡೆಸುವ ಗೆಳೆಯ ರಾಜಣ್ಣ ನನ್ನನ್ನೊಂದು ಮಾತೂ ಕೇಳದೆ 'ಮುಂದಿನ ವಾರದಿಂದ ಮೂರ್ತಿ ಮೇಷ್ಟರ ಧಾರಾವಾಹಿ' ಎಂದು ಅಚ್ಚು ಹಾಕಿಬಿಟ್ಟ. ಜೊತೆಗೆ ನನ್ನ ಫೋಟೊ ಬೇರೆ. ಕಾಲೇಜಿನ ಗುರುತಿನ ಚೀಟಿಗೆಂದು ತೆಗೆಸಿದ ಆ ಫೋಟೊದಲ್ಲಿ ನಾನು ಮೊದಲೇ ಹೆದರಿದವನಂತೆ ಕಾಣುತ್ತೇನೆ. "ಸೋಮವಾರಕ್ಕೆ ಮೊದಲ್ನೇ ಕಂತು ಕೊಟ್ಬುಡಿ ಮೇಷ್ಟ್ರೇ. ಇಲ್ದಿದ್ರೆ ನಿಮ್ ಫೋಟೊ ಹಾಕಿ ಕೆಳಗೆ ಖಾಲಿ ಜಾಗ ಬುಡ್ತೀನಿ, ಜನ ನೋಡ್ಕೊಳ್ಳಿ" ಎಂದು ನಗುನಗುತ್ತಲೇ ಹೇಳಿದ. ಅಂದು ಬುಧವಾರ. ಅವತ್ತಿನಿಂದ ನನಗೆ ಭಯ ಹಿಡಿಯಿತು.

ನನ್ನ ಭಯ ಸೋಮಾರಿಯ ಭಯವಲ್ಲ, ಓದಿದವನ ಭಯ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುವಾಗ ನಮ್ಮ ಮೇಷ್ಟರು ಪ್ರತಿ ಸಾಲಿಗೂ ಪ್ರಶ್ನೆ ಹಾಕಿಸುತ್ತಿದ್ದರು: ನೋಡಿದವರು ಯಾರು? ಬರೆದವರು ಯಾರು? ಆಗ ಅವರಿಗೆ ವಯಸ್ಸೆಷ್ಟು? ಈ ಕಾಯಿಲೆ ಒಮ್ಮೆ ಅಂಟಿಕೊಂಡರೆ ಶಾಸನಗಳ ಹತ್ತಿರ ನಿಲ್ಲುವುದಿಲ್ಲ. ಮನೆಗೆ ಬೀಗ ಹಾಕಿದೆನೆಂಬ ನನ್ನ ನೆನಪಿಗೇ ನಾನು ಎರಡನೇ ಸಾಕ್ಷಿ ಕೇಳುವವನು. ಇನ್ನು ಕಾದಂಬರಿಯ ವಸ್ತುವೋ, ಮೂವತ್ತು ವರ್ಷಕ್ಕೂ ಹಿಂದಿನದು. ನಮ್ಮ ಗುಬ್ಬಿಯ ಮನೆಯಲ್ಲಿ ಪುಟ್ಟಮ್ಮತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ನೋಡಲು ಊರ್ಡಿಗೆರೆಯಿಂದ ಗಂಡಿನ ಕಡೆಯವರು ಬಂದಿದ್ದರು. ತೆಂಗಿನಕಾಯಿಯನ್ನು ವರ್ಷವಿಡೀ ಅಟ್ಟದ ಮೇಲೆ ಹಾಕಿಟ್ಟು, ಒಳಗಿನ ನೀರು ತಾನಾಗಿ ಆರಿ ಕೊಬ್ಬರಿಯಾಗಲೆಂದು ಕಾಯುವುದು ನಮ್ಮ ಕಡೆಯ ಪದ್ಧತಿ. ಅತಿಥಿಗಳು ಉಪ್ಪಿಟ್ಟು ತಿನ್ನುತ್ತಿದ್ದಾಗಲೇ ಆ ಅಟ್ಟ ಕುಸಿದು, ಕಾಯಿಗಳು ದಡದಡನೆ ಸುರಿದು, ಅವರು ಚಪ್ಪಲಿ ಬಿಟ್ಟು ಓಡಿ, ಸಂಬಂಧ ಮುರಿಯಿತು. ನನಗಾಗ ಏಳು ವರ್ಷ. ಒಂದು ಕಾಯಿ ಉರುಳಿ ಬಂದು ನನ್ನ ಕಾಲಿಗೆ ತಾಗಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅಟ್ಟ ಪಡಸಾಲೆಯ ಮೇಲಿತ್ತೋ ಅಡಿಗೆಮನೆಯ ಮೇಲಿತ್ತೋ? ಅದೇ ಗೊತ್ತಿಲ್ಲದವನು ಏನೆಂದು ಬರೆಯಲಿ?

ಶನಿವಾರ ಬೆಳಗಿನ ಕ್ಲಾಸು ಮುಗಿಸಿ ಗುಬ್ಬಿಯ ಬಸ್ಸು ಹತ್ತಿದೆ. ಆ ಮನೆಯಲ್ಲಿ ಈಗಿರುವ ಚಿಕ್ಕಪ್ಪ ನನ್ನ ಪ್ರಶ್ನೆ ಕೇಳಿ ಕನ್ನಡಕ ತೆಗೆದರು. "ಅಟ್ಟ ಎಲ್ಲಿ ಬಿತ್ತೋ? ನಮ್ಮಪ್ಪ ಹಾಕ್ಸಿದ್ ತೊಲೆ ಅವು. ಇವತ್ತಿಗೂ ಅದೇ ಅಟ್ಟ ಕಣೋ. ಹತ್ತಿ ನೋಡ್ತೀಯಾ?" ಅಡಿಗೆಮನೆಯ ಮೇಲಿತ್ತು ಅದು. ಹತ್ತಿಯೇ ನೋಡಿದೆ. ತೊಲೆಗಳು ನನಗಿಂತ ಗಟ್ಟಿಯಾಗಿದ್ದವು. ತಳಮಳಕ್ಕೆ ಕೈಗೆ ಸಿಕ್ಕ ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಳಗೆ ನೀರು ಕುಲುಕಿತು. ಕೆಳಗಿನಿಂದ ಚಿಕ್ಕಪ್ಪ ಕೂಗಿದರು: "ಇನ್ನೂ ನೀರೈತೆ, ಮಡಗು ಅತ್ಲಾಗೆ! ನೀನ್ ಅಲ್ಲಾಡ್ಸಿದ್ರೆ ಬೇಗ ಕೊಬ್ರಿ ಆಯ್ತದಾ?"

ಸೋಮವಾರಕ್ಕೆ ಉಳಿದಿದ್ದುದು ಒಂದೇ ದಿನ. ನನ್ನ ಕಾದಂಬರಿಗೆ ಅಟ್ಟವೇ ಇಲ್ಲ. ಭಾನುವಾರ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡು ಕುಣಿಗಲ್ಲಿಗೆ ಹೋದೆ. ಪುಟ್ಟಮ್ಮತ್ತೆಯನ್ನು ಕೊಟ್ಟದ್ದು ಅಲ್ಲಿಗೆ. ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದವಳು, ನನ್ನ ಕೈಗೂ ಒಂದು ಹಿಡಿ ಕಾಳು ಕೊಟ್ಟು, "ಏನ್ಲಾ, ಮುಖ ಇಷ್ಟ್ ಸಣ್ಣದಾಗೈತೆ?" ಎಂದಳು. ಪತ್ರಿಕೆಯ ವಿಷಯ ಹೇಳಿ, ಅವತ್ತು ಅಟ್ಟ ಬಿದ್ದದ್ದು ನಿಜವೇ ಎಂದು ಕೇಳಿದೆ.

"ಅವತ್ತು ನೀನೆಲ್ಲಿದ್ಯೋ? ಮೈಮೇಲೆ ಅಮ್ಮ ಎದ್ದು ಅಮೃತೂರಲ್ಲಿ ನಿಮ್ಮಜ್ಜಿ ಮನೇಲಿ ಬೇವಿನ್ ಸೊಪ್ಪಿನ್ ಮೇಲೆ ಮಲಗಿದ್ದೆ."

ನನ್ನ ಕಾಲಿಗೆ ತಾಗಿದ ಕಾಯಿ ಅಲ್ಲಿಗೆ ಮುಗಿಯಿತು. ಅತ್ತೆ ತಟ್ಟೆ ನೋಡುತ್ತಲೇ ಹೇಳಿದಳು: "ಅಟ್ಟ ಬೀಳ್ಲಿಲ್ಲ ಕಣ್ಲಾ. ಉಪ್ಪಿಟ್ ತಿಂದ್ರು, ಕಾಫಿ ಕುಡುದ್ರು, ಹುಡುಗಿ ಕಪ್ಪು ಅಂದ್ಬುಟ್ಟು ಎದ್ದೋದ್ರು. ಅಷ್ಟೇಯ. ನೀನು ವಾಸಿಯಾಗಿ ಬಂದೋನು ನನ್ ಸೆರಗು ಹಿಡ್ಕೊಂಡು, 'ಯಾಕತ್ತೆ ಅವ್ರು ಹೊಂಟೋದ್ರು' ಅಂತ ಒಂದೇ ಸಮ. ಏನಂತ ಹೇಳ್ಲಿ? ಮೊದ್ಲು ನಾಕ್ ಕಾಯಿ ಬಿತ್ತು ಅಂದೆ. ನೀನು ಬಾಯ್ ಬುಟ್ಕೊಂಡು ಕೇಳ್ತಿದ್ದೆ. ಸರಿ, ಅಟ್ಟಾನೇ ಬೀಳುಸ್ದೆ. ನೀನ್ ಬಿದ್ದೂ ಬಿದ್ದೂ ನಕ್ಕೆ ನೋಡು, ನಂಗೂ ನಗು ಬಂತು. ಆ ತಿಂಗ್ಳೆಲ್ಲ ನಾನ್ ನಕ್ಕಿದ್ದು ಅದೊಂದೇ ಸಲ."

"ಹಾಗಾದ್ರೆ ಎಲ್ಲಾ ಸುಳ್ಳಾಯ್ತಲ್ಲತ್ತೆ, ನಾನೇನ್ ಬರೀಲಿ?" ಎಂದೆ. ದನಿ ಏಳು ವರ್ಷದವನದೇ ಆಗಿತ್ತು.

"ಬರಿ. ಗಂಡಿನ ಸೋದರಮಾವ ಇದ್ನಲ್ಲ, ಕಪ್ಪು ಅಂದೋನು, ಅವನ್ ತಲೆ ಮೇಲೆ ಒಂದ್ ಕಾಯಿ ಬೀಳ್ಸು. ನಾನು ಪಾಪ ಅಂತ ಅವನ್ನ ಬುಟ್ಬುಟ್ಟಿದ್ದೆ. ಪೇಪರ್ ಬಂದ್ ತಕ್ಷಣ ಕಳುಸ್ಕೊಡು, ಓದ್ಬೇಕು ನಾನು."

ವಾಪಸು ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ನೋಟ್‌ಬುಕ್ ಬಿಡಿಸಿದೆ. ರಾಜಣ್ಣನಿಗಿಂತ ಈಗ ಅತ್ತೆಯ ಭಯ ಹೆಚ್ಚಾಗಿತ್ತು. ಅಟ್ಟವನ್ನು ಪಡಸಾಲೆಯ ಮೇಲೆ ಹಾಕಿದೆ, ಯಾರನ್ನೂ ಕೇಳಲಿಲ್ಲ. ಸೋದರಮಾವನ ತಲೆಯ ಮೇಲೆ ಕಾಯಿ ಬಿತ್ತು. ಒಂದು ಸಾಲದೆನಿಸಿ ಇನ್ನೊಂದು ಬೀಳಿಸಿದೆ. ತುಮಕೂರು ಬರುವ ಹೊತ್ತಿಗೆ ಒಂದು ಕಂತಿಗಾಗುವಷ್ಟು ಆಗಿತ್ತು.

ಮನೆಗೆ ಬಂದು ಸುಮಳ ಕೈಗೆ ಹಾಳೆ ಕೊಟ್ಟು ಗಂಭೀರವಾಗಿ ಹೇಳಿದೆ: "ಇಷ್ಟು ವರ್ಷ ನಂಗೆ ಬರೆಯೋ ಭಯ ಇರ್ಲಿಲ್ಲ ಕಣೇ. ಸುಳ್ಳು ಹೇಳೋ ಭಯ ಇತ್ತು."

ಅವಳು ಓದುವುದನ್ನು ನಿಲ್ಲಿಸಲಿಲ್ಲ. "ನಿಮಗಾ? ಕಾದಂಬರಿ ಅರ್ಧ ಮುಗೀತು ಅಂತ ಯುಗಾದಿಗೆ ಬಂದಿದ್ದ ನಮ್ಮಣ್ಣನ ಮುಂದೆ ಹೇಳಿದ್ರಲ್ರೀ, ಒಂಚೂರೂ ತಡವರಿಸ್ಲಿಲ್ಲ."

ಅಂಥ ಮಾತು ಆಡಿದ ನೆನಪು ನನಗಿಲ್ಲ. ಆಗ ಯಾರ್‍ಯಾರಿದ್ದರು, ಕೇಳಿಸಿಕೊಂಡವರು ಯಾರು ಎಂದು ವಿಚಾರಿಸಬಹುದಿತ್ತು. ಆದರೆ ಸಾಕ್ಷಿ ಸಿಕ್ಕಿಬಿಟ್ಟರೆ ಎಂಬ ಹೆದರಿಕೆಗೆ, ಪೆನ್ನು ಹುಡುಕಿಕೊಂಡು ಎರಡನೇ ಅಧ್ಯಾಯಕ್ಕೆ ಕೂತುಬಿಟ್ಟೆ.