ಅಡುಗೆಮನೆ ಕಿಟಕಿಯ ಕರೆಗಂಟೆ

ಬೆಳಿಗ್ಗೆ ಎಂಟೂವರೆಗೆ ಟೈಲರಮ್ಮ ಹಿತ್ತಲಲ್ಲಿ ಒದ್ದೆ ಹೊದಿಕೆಯೊಂದನ್ನು ಹಿಂಡುತ್ತಿದ್ದಳು. ಹೊದಿಕೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಆರು ವರ್ಷದ ಮಗಳು ಪುಟ್ಟಿಯ ಕೈಯಲ್ಲಿ. ಅಮ್ಮ ತಿರುಚಿದ ಕಡೆಗೇ ಮಗಳೂ ತಿರುಚುತ್ತಿದ್ದುದರಿಂದ ಹೊದಿಕೆ ಅವರಿಬ್ಬರ ನಡುವೆ ಸುಮ್ಮನೆ ಹೊರಳಾಡುತ್ತಿತ್ತೇ ಹೊರತು ಒಂದು ಹನಿ ನೀರು ಬಿಡುತ್ತಿರಲಿಲ್ಲ.

ಅಷ್ಟರಲ್ಲಿ ಕಾಂಪೌಂಡಿನ ಗೋಡೆಯ ಮೇಲೆ ಒಂದು ತಲೆ ಮೂಡಿತು. ಪಾರ್ಸೆಲ್ ತರುವವನ ತಲೆ.

"ಏನಮ್ಮಾ, ಎಷ್ಟು ಹೊತ್ತಿಂದ ಬೆಲ್ ಒತ್ತುತ್ತಾ ಇದೀನಿ! ಬೆರಳು ಬೆಂಡಾಯ್ತು."

"ಅಯ್ಯೋ, ನಲ್ಲಿ ಸದ್ದಿಗೆ ಕೇಳಿಸ್ಲೇ ಇಲ್ಲಪ್ಪಾ," ಎನ್ನುತ್ತ ಟೈಲರಮ್ಮ ಓಡಿದಳು. ಹೊದಿಕೆಯ ಅವಳ ತುದಿ ಮಣ್ಣಿಗೆ ಬಿತ್ತು. ಪುಟ್ಟಿ ತನ್ನ ತುದಿಯನ್ನು ಮಾತ್ರ ನಿಷ್ಠೆಯಿಂದ ಹಿಡಿದುಕೊಂಡೇ ನಿಂತಳು.

ಪಾರ್ಸೆಲ್ಲಿನಲ್ಲಿ ಬಂದದ್ದು ಕ್ಯಾಮೆರಾ ಇರುವ ಕರೆಗಂಟೆ. ಕಳಿಸಿದವನು ತಮ್ಮ. ಜೊತೆಗೊಂದು ಚೀಟಿ: "ಅಕ್ಕಾ, ಐದೇ ನಿಮಿಷದ ಕೆಲಸ. ನೀನೇ ಹಾಕ್ಕೋಬಹುದು."

ಕರೆಗಂಟೆಯ ತಲೆನೋವು ಶುರುವಾಗಿ ಒಂದು ತಿಂಗಳಾಗಿತ್ತು. ಟೈಲರಮ್ಮ ಹೊಸ ಮೋಟಾರ್ ಮಷೀನು ಕೊಂಡದ್ದೂ ಆಗಲೇ. ಹಿಂದಿನ ಕೋಣೆಯಲ್ಲಿ ಅದು ಓಡತೊಡಗಿದರೆ ಮನೆಯೇ ಹೊರಟುಬಿಡುತ್ತದೇನೋ ಅನ್ನುವಷ್ಟು ಗದ್ದಲ. ಅದರ ನಡುವೆ ಬೆಲ್ಲು ಕೇಳಿಸುವುದಾದರೂ ಹೇಗೆ? ಅಕ್ಕಪಕ್ಕದವರು ಬೆಲ್ಲಿನ ಗೊಡವೆಗೇ ಹೋಗದೆ ಹಿತ್ತಲಿನಿಂದ ಕೂಗಿಕೊಂಡೇ ಬರುವವರು. ಆದರೆ ದೊಡ್ಡಾಸ್ಪತ್ರೆಯ ಮೇಟ್ರನ್ ಹಾಗೆ ಕೂಗುವ ಪೈಕಿಯಲ್ಲ. ಮಕ್ಕಳ ವಾರ್ಡಿಗೆ ನೂರಿಪ್ಪತ್ತು ಗೌನು ಹೊಲಿಸಬೇಕೆಂದು ಆಕೆ ಎರಡು ಸಲ ಬಂದು, ಬಾಗಿಲಲ್ಲಿ ನಿಂತು, ಹಾಗೇ ಹಿಂತಿರುಗಿದ್ದರು. ಆಮೇಲೆ ಫೋನಿನಲ್ಲಿ, ಜ್ವರದ ಕಡ್ಡಿ ಓದಿ ಹೇಳುವಂಥ ದನಿಯಲ್ಲಿ ಹೇಳಿದ್ದರು: "ಶುಕ್ರವಾರ ಬರ್ತೀನಿ. ಹತ್ತರಿಂದ ಐದರೊಳಗೆ, ವಾರ್ಡಿನ ಕೆಲಸ ಮುಗಿದಾಗ. ನಾಲ್ಕನೇ ಸಲ ಬರೋ ಅಭ್ಯಾಸ ನಂಗಿಲ್ಲ."

ಇವತ್ತೇ ಶುಕ್ರವಾರ. ಎಂಟು ವರ್ಷದಿಂದ ಕಿತ್ತ ಜಿಪ್ಪು, ಉದ್ದವಾದ ಪ್ಯಾಂಟು, ಹರಿದ ಜೇಬು ಇವುಗಳಲ್ಲೇ ಕಣ್ಣು ಸವೆಸಿದ ಟೈಲರಮ್ಮನಿಗೆ ಇದು ಮೊದಲ ದೊಡ್ಡ ಕೆಲಸ. ಇಡೀ ದಿನ ಬಾಗಿಲಲ್ಲಿ ಕೂರೋಣವೆಂದರೆ ಮಾದರಿ ಗೌನು ಇನ್ನೂ ಮುಗಿದಿರಲಿಲ್ಲ.

"ಅಮ್ಮಾ, ಒಂದು ಕೇಳ್ಲಾ?" ಪುಟ್ಟಿ ಬಾಗಿಲಿಗೆ ಬಂದಳು. ಕಂಕುಳಲ್ಲಿ ಗೊಂಬೆ.

ಟೈಲರಮ್ಮ ಗೋಡೆಯ ಮೇಲಿನ ಹಳೇ ಬೆಲ್ಲಿನ ಪೆಟ್ಟಿಗೆಯನ್ನು ಕಿತ್ತು ಗುಂಡಿಗಳ ಡಬ್ಬಿಗೆ ಎಸೆಯುತ್ತಿದ್ದಳು. "ಆಮೇಲೆ ಕೇಳು ಚಿನ್ನಾ."

ಪುಟ್ಟಿಯೂ ಯಾಕೋ ಹಟ ಮಾಡಲಿಲ್ಲ. ಸದ್ಯ ಬದುಕಿದೆ ಎನ್ನುವಂತೆ ಗೊಂಬೆಯನ್ನು ಅವಚಿಕೊಂಡಳು. "ನಾನಿಲ್ಲೇ ಇದ್ದೀನಿ!" ಎಂದಿತು ಗೊಂಬೆ. ಹೊಟ್ಟೆ ಒತ್ತಿದರೆ ಅದು ಆಡುವುದು ಅದೊಂದೇ ಮಾತು. ನಡುವೆ ಕೆಲವು ದಿನ ಮೂಕವಾಗಿದ್ದ ಅದು ಈಗ ತಿಂಗಳಿಂದ ಬಾಯಿ ಮುಚ್ಚಿರಲಿಲ್ಲ.

ಹೊಸ ಬೆಲ್ಲು ಕೂತದ್ದೇನೋ ನಿಜವಾಗಿ ಐದೇ ನಿಮಿಷಕ್ಕೆ. ಒತ್ತಿದರೆ ಟೈಲರಮ್ಮನ ಫೋನಿನಲ್ಲಿ ಹೊರಗೆ ನಿಂತವರ ಮುಖ ಬರುತ್ತಿತ್ತು. ಆದರೆ ಮಷೀನಿನ ಸದ್ದಿನಲ್ಲಿ ಫೋನಿನ ಸದ್ದೂ ಕೇಳಿಸದು. ಆ ಸದ್ದನ್ನೂ ಮೀರಿ ಕೂಗಬಲ್ಲದ್ದು ಮನೆಯಲ್ಲಿ ಒಂದೇ ಇತ್ತು: ಬಸ್ ಓಡಿಸುವ ಗಂಡ ಕಳೆದ ವರ್ಷ ಹಾಕಿಸಿದ ಕಳ್ಳರ ಅಲಾರಂ. ಹೊಸ ಬೆಲ್ಲನ್ನು ಆ ಅಲಾರಮಿನ ಪೆಟ್ಟಿಗೆಗೆ ಸೇರಿಸಿಬಿಟ್ಟರೆ?

ಬೆಲ್ಲಿನ ಕಂಪನಿಗೆ ಫೋನ್ ಮಾಡಿದಳು. "ಅಲಾರಂನವರನ್ನ ಕೇಳಿ ಮೇಡಂ," ಅಂದರು. ಅಲಾರಂ ಕಂಪನಿಗೆ ಮಾಡಿದಳು. "ಬೆಲ್ಲಿನವರನ್ನ ಕೇಳಿ ಮೇಡಂ. ಅದು ಬೇರೆ ಕಂಪನಿದು, ನಮ್ಮ ಪೆಟ್ಟಿಗೆ ಜೊತೆ ಮಾತಾಡಲ್ಲ."

"ಮಾತಾಡಲ್ಲ ಅಂದ್ರೆ?"

"ಹೊಂದಾಣಿಕೆ ಇಲ್ಲ ಮೇಡಂ."

ಒಂದೇ ಮನೆಯಲ್ಲಿ ಮುಖ ತಿರುಗಿಸಿಕೊಂಡು ಓಡಾಡುವ ಓರಗಿತ್ತಿಯರ ಹಾಗೆ ಬೆಲ್ಲು ಹೊರಗೋಡೆಯಲ್ಲಿ, ಪೆಟ್ಟಿಗೆ ಒಳಗೋಡೆಯಲ್ಲಿ ಬಿಗಿದುಕೊಂಡು ಕೂತಿದ್ದವು.

ಈ ಮಾತು ಅದು ಹೇಗೋ ಪಕ್ಕದ ಮನೆಗೆ ಮುಟ್ಟಿತು. ಲೈನ್‌ಮನ್ ಮಾವ ಬಂದರು. ಮೂವತ್ತು ವರ್ಷ ವಿದ್ಯುತ್ ಕಂಬ ಹತ್ತಿ ನಿವೃತ್ತರಾದ ಅವರಿಗೆ ತಂತಿ ಕಂಡರೆ ಕೈ ಕಡಿಯುತ್ತಿತ್ತು. ಅವರ ಹಿಂದೆಯೇ ಎದುರುಮನೆ ಅಕ್ಕ. ಅವರಿಗೆ ಯಾರ ಮನೆಯ ಬಾಗಿಲು ತೆರೆದಿದ್ದರೂ ಕಾಲು ಕಡಿಯುತ್ತಿತ್ತು.

"ಮಾತಾಡಲ್ವಂತಾ? ನಾನು ಮಾತಾಡಿಸ್ತೀನಿ," ಎಂದು ಮಾವ ಪೆಟ್ಟಿಗೆಯ ಮುಚ್ಚಳ ಬಿಚ್ಚಿದರು. "ನೋಡು ಮಗಳೇ, ಮುಂಬಾಗಿಲು, ಹಿಂಬಾಗಿಲು, ಎಲ್ಲಾ ಜಾಗ ಭರ್ತಿ. ಇಲ್ಲೊಂದು ಖಾಲಿ ಇದೆ. 'ಅಡುಗೆಮನೆ ಕಿಟಕಿ' ಅಂತ ಬರೆದಿದೆ. ಇದಕ್ಕೇ ಸಿಕ್ಕಿಸೋಣ."

"ಮಾವ, ಬೆಲ್ಲಿಗೂ ಕಿಟಕಿಗೂ ಏನು ಸಂಬಂಧ?"

"ತಂತಿಗೆ ಓದೋಕೆ ಬರುತ್ತಾ? ಸಿಕ್ಕಿಸಿದ ಕಡೆ ಹರಿಯುತ್ತೆ."

ತಂತಿಗೆ ಓದಲು ಬರುತ್ತಿರಲಿಲ್ಲ. ಆದರೆ ಪೆಟ್ಟಿಗೆಗೆ ಬರುತ್ತಿತ್ತು. ಮಾವ ಹೊರಗೆ ಹೋಗಿ ಬೆಲ್ಲು ಒತ್ತಿದ್ದೇ ತಡ, ಸೈರನ್ ಬಾಯಿ ಬಡಿದುಕೊಳ್ಳತೊಡಗಿತು. ಅದರ ನಡುನಡುವೆ ಒಂದು ಹೆಣ್ಣುದನಿ: "ಗಮನಿಸಿ! ಅಡುಗೆಮನೆ ಕಿಟಕಿ ಒಡೆದಿದೆ! ಗಮನಿಸಿ!"

ಬೀದಿಯೇ ಎದ್ದು ಬಂತು. ಮೂಲೆಯಂಗಡಿಯವನು ತೂಕದ ಕಲ್ಲು ಹಿಡಿದು ಓಡಿಬಂದ. ಕ್ಷೌರಿಕ ಬಂದ, ಅವನ ಹಿಂದೆ ಅರ್ಧ ಗಡ್ಡ ಕೆರೆಸಿಕೊಂಡ ಗಿರಾಕಿಯೂ ಬಂದ. ಎಲ್ಲರೂ ಅಡುಗೆಮನೆಯ ಕಿಟಕಿಯನ್ನು ಸುತ್ತುವರಿದರು. ಕಿಟಕಿ ಸುಖವಾಗಿತ್ತು. ಅದರಾಚೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಸೈರನ್ ನಿಲ್ಲಿಸಲು ನಾಲ್ಕು ಅಂಕಿಗಳ ಗುಟ್ಟು ಬೇಕು. ಗುಟ್ಟು ಇದ್ದದ್ದು ಗಂಡನ ಬಳಿ, ಗಂಡ ಇದ್ದದ್ದು ಬಸ್ಸಿನಲ್ಲಿ. ಟೈಲರಮ್ಮ ಮದುವೆಯ ದಿನದ ತಾರೀಖು ಒತ್ತಿದಳು. ಇಲ್ಲ. ತನ್ನ ಹುಟ್ಟಿದ ದಿನ ಒತ್ತಿದಳು. ಅದೂ ಇಲ್ಲ. ಎದುರುಮನೆ ಅಕ್ಕ ಕಿವಿ ಮುಚ್ಚಿಕೊಂಡೇ, "ಗಂಡಸರು ನಮ್ಮ ದಿನಗಳನ್ನ ಎಲ್ಲಿ ನೆನಪಿಟ್ಕೋತಾರೆ, ಬಸ್ ನಂಬರ್ ಒತ್ತೇ!" ಎಂದರು. ಕೊನೆಗೆ ಪುಟ್ಟಿ ಕುರ್ಚಿ ಎಳೆದು ಹತ್ತಿ, ತಾನು ಹುಟ್ಟಿದ ದಿನ ಒತ್ತಿದಳು. ಸೈರನ್ ಗಪ್‌ಚಿಪ್ಪಾಯಿತು.

ಆ ಮೌನದಲ್ಲಿ ಗೊಂಬೆ, "ನಾನಿಲ್ಲೇ ಇದ್ದೀನಿ!" ಎಂದಿತು.

"ಅಮ್ಮಾ, ಈಗ ಕೇಳ್ಲಾ?" ಎಂದಳು ಪುಟ್ಟಿ.

"ಹಾಲು!" ಎಂದು ಟೈಲರಮ್ಮ ಒಳಗೆ ಓಡಿದಳು.

ಹೊರಗೆ ಎದುರುಮನೆ ಅಕ್ಕ ತೀರ್ಪು ಕೊಡುತ್ತಿದ್ದರು. "ಇದೇ ಇರ್ಲಿ ಬಿಡೇ. ಮಷೀನ್ ಸದ್ದಲ್ಲೂ ಕೇಳಿಸುತ್ತೆ. ಪಕ್ಕದ ಊರಿಗೂ ಕೇಳಿಸುತ್ತೆ."

"ಮೇಟ್ರನ್ ಬಂದು ಬೆಲ್ ಒತ್ತಿದ್ರೆ ಏನಕ್ಕಾ ಗತಿ? ಇವನು ತೂಕದ ಕಲ್ಲು ತಗೊಂಡು ಅವರ ಮೇಲೇ ಬರ್ತಾನೆ!"

ಅಂಗಡಿಯವನು ನಾಚಿ ಕಲ್ಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಮಧ್ಯಾಹ್ನದವರೆಗೆ ಮಾವ ತಂತಿಯನ್ನು ಅಲ್ಲಿಂದ ಕಿತ್ತು ಇಲ್ಲಿಗೆ, ಇಲ್ಲಿಂದ ಕಿತ್ತು ಅಲ್ಲಿಗೆ ಸಿಕ್ಕಿಸಿದರು. ಒಮ್ಮೆ ಹಿಂಬಾಗಿಲು ಒಡೆಯಿತು, ಇನ್ನೊಮ್ಮೆ ಮನೆಗೆ ಬೆಂಕಿ ಬಿತ್ತು, ಎಲ್ಲವೂ ಪೆಟ್ಟಿಗೆಯ ಪ್ರಕಾರ. ಎರಡನೇ ಸಲ ಅರ್ಧ ಬೀದಿ ಬಂತು. ಮೂರನೇ ಸಲ ಅರ್ಧ ಗಡ್ಡದ ಗಿರಾಕಿಯೊಬ್ಬನೇ ಬಂದ. ಅವನ ಗಡ್ಡ ಇನ್ನೂ ಅರ್ಧವೇ ಇತ್ತು. ಈ ನಡುವೆ ಟೈಲರಮ್ಮ ಹಿಂದಿನ ಕೋಣೆಗೆ ಓಡಿ ನಾಲ್ಕು ಹೊಲಿಗೆ ಹಾಕುವಳು, ಮುಂದಕ್ಕೆ ಓಡಿ ಬೀದಿ ನೋಡುವಳು. ಮಗ್ಗದ ಲಾಳಿಯೂ ಇಷ್ಟು ಓಡಾಡಿರಲಾರದು.

ಮೂರೂವರೆಗೆ ಗೇಟಿನ ಬಳಿ ಬೂದು ಶಾಲು ಹೊದ್ದ ಹೆಂಗಸೊಬ್ಬರು ಬಂದು ನಿಂತರು. ಕಾಲಲ್ಲಿ ಬಿಳಿ ಷೂ. ಮೆಟ್ಟಿಲೇರಿ ಬೆಲ್ಲಿನತ್ತ ಬೆರಳು ಚಾಚಿದರು.

"ಬೆಲ್ ಮುಟ್ಬೇಡಿ ತಾಯೀ!" ಸ್ಟೂಲಿನ ಮೇಲಿದ್ದ ಮಾವ ಚೀರಿದರು. "ಮುಟ್ಟಿದ್ರೆ ಮನೆಗೆ ಬೆಂಕಿ ಬೀಳುತ್ತೆ! ಬನ್ನಿ, ಬನ್ನಿ, ಈ ಸ್ಟೂಲು ಹಿಡ್ಕೊಳ್ಳಿ, ಅಲ್ಲಾಡ್ತಿದೆ."

ಹೆಂಗಸು ಏನೋ ಹೇಳಲು ಬಾಯಿ ತೆರೆದರು. ಸ್ಟೂಲು ವಾಲಿತು. ಬಾಯಿ ಮುಚ್ಚಿ ಗಬಕ್ಕನೆ ಹಿಡಿದುಕೊಂಡರು. ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮಾವ ಬೆರಳು ಕುಯ್ದುಕೊಂಡರು. ಹೆಂಗಸು ತಮ್ಮ ಚೀಲದಿಂದ ಹತ್ತಿ, ಪಟ್ಟಿ ತೆಗೆದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಟ್ಟಿಬಿಟ್ಟರು. ಇವರು ಎದುರುಮನೆಗೆ ಬಂದ ನೆಂಟರಿರಬೇಕು ಎಂದುಕೊಂಡರು ಮಾವ. ಮಾವನ ನಾದಿನಿಯಿರಬೇಕು ಎಂದುಕೊಂಡರು ಎದುರುಮನೆ ಅಕ್ಕ. ಟೈಲರಮ್ಮನಿಗೆ ಅನಿಸಿದ್ದು ಇಷ್ಟೇ: ಅಬ್ಬಾ, ಮಾತಾಡದೆ ಸಹಾಯ ಮಾಡುವ ಒಂದು ಜೀವವಾದರೂ ಬಂತಲ್ಲ!

ನಾಲ್ಕೂಕಾಲಿಗೆ ಗೌನು ಮುಗಿಯಿತು. ಅದನ್ನು ಝಾಡಿಸುತ್ತ ಬಂದ ಟೈಲರಮ್ಮ, "ಅಮ್ಮಾ, ಸ್ವಲ್ಪ ಇದರ ಲಾಡಿ ಕಟ್ಟಿ ನೋಡ್ತೀರಾ? ನಿಮ್ಮ ಕೈ ಚುರುಕಾಗಿದೆ," ಎಂದು ಅವರ ಮಡಿಲಿಗೇ ಹಾಕಿದಳು.

ಅವರು ಮೆಟ್ಟಿಲ ಮೇಲೆ ಕೂತು ಗೌನನ್ನು ಹಿಂದೆ ಮುಂದೆ ತಿರುಗಿಸಿದರು. "ಭುಜದಿಂದ ಕೈತುದಿವರೆಗೂ ಬಿಚ್ಚಿಕೊಳ್ಳೋ ಹಾಗೆ ಯಾಕೆ ಹೊಲಿದ್ರಿ?"

"ಕೈಗೆ ಸೂಜಿ ಚುಚ್ಚಿರೋ ಮಗು ತೋಳು ಎತ್ತೋಕೆ ಅಳುತ್ತಲ್ವಾ? ಹೀಗಿದ್ರೆ ಎತ್ತೋದೇ ಬೇಡ."

"ಈ ಜೇಬು? ಇಷ್ಟು ದೊಡ್ಡದು?"

"ಅದು ನನ್ನ ಮಗಳ ಅಳತೆ. ಗೊಂಬೆ ಹಿಡಿಸಬೇಕಂತೆ. ಆಸ್ಪತ್ರೇಲಿ ಒಬ್ಬರೇ ಮಲಗೋಕೆ ಭಯ ಆಗುತ್ತಂತೆ."

ಹೆಂಗಸು ಬಹಳ ಹೊತ್ತು ಆ ಜೇಬಿನೊಳಗೆ ಕೈಯಿಟ್ಟುಕೊಂಡು ಕೂತರು.

ಟೈಲರಮ್ಮನಿಗೆ ಯಾರ ಮುಂದಾದರೂ ಹೊಟ್ಟೆಯುರಿ ತೋಡಿಕೊಳ್ಳಬೇಕಿತ್ತು. "ಏನು ಹೊಲಿದು ಏನು ಬಂತಮ್ಮಾ! ಗಂಟೆ ನಾಲ್ಕೂವರೆ ಆಯ್ತು. ಆ ಮೇಟ್ರನ್ ಬರೋ ಹಾಗೆ ಕಾಣಲ್ಲ. ಮಹಾ ಬಿಗುಮಾನದ ಹೆಂಗಸು. ಬಾಗಿಲಲ್ಲಿ ಐದು ನಿಮಿಷ ಕಾಯ್ತಾರಂತೆ, ಹೊರಟೇ ಹೋಗ್ತಾರಂತೆ. ಇನ್ನೊಂದು ನಿಮಿಷ ನಿಂತಿದ್ರೆ ಕಾಲೇನು ಸವೆದು ಹೋಗ್ತಿತ್ತಾ?"

ಹೆಂಗಸು ಶಾಲನ್ನು ಸರಿಸಿದರು. ಎದೆಯ ಮೇಲೆ, ದಾದಿಯರು ಸಿಕ್ಕಿಸಿಕೊಳ್ಳುವಂಥ ತಲೆಕೆಳಗಾದ ಗಡಿಯಾರ ತೂಗುತ್ತಿತ್ತು.

"ಐದಲ್ಲ," ಎಂದರು, ಜ್ವರದ ಕಡ್ಡಿ ಓದುವ ದನಿಯಲ್ಲಿ. "ಏಳು ನಿಮಿಷ. ಎರಡು ಸಲವೂ."

ಮಾವ ಸ್ಟೂಲಿನಿಂದ ಇಳಿದರು. ಇಳಿದರು ಎನ್ನುವುದು ಮರ್ಯಾದೆಯ ಮಾತು. ಎದುರುಮನೆ ಅಕ್ಕ, ಹುಟ್ಟಿದಾಗಿನಿಂದ ಮೊದಲ ಸಲವೋ ಏನೋ, ತಮ್ಮದೇ ಮನೆಯ ಬಾಗಿಲತ್ತ ನೋಡಿದರು. ಟೈಲರಮ್ಮನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನಿಸಿತು.

"ಮೇಡಂ, ನಾನು... ನೀವು ಅಂತ ಗೊತ್ತಿದ್ರೆ..."

"ಗೊತ್ತಿದ್ರೆ ಸ್ಟೂಲು ಹಿಡಿಸ್ತಿರಲಿಲ್ಲ. ಇರ್ಲಿ." ಮೇಟ್ರನ್ ಗೌನನ್ನು ನೀಟಾಗಿ ಮಡಚಿದರು. "ಕೆಲಸ ಚೆನ್ನಾಗಿದೆ. ಇಂಥ ಗೌನು ನಮ್ಮಲ್ಲಿ ಯಾರೂ ಹೊಲಿದಿರಲಿಲ್ಲ. ಆದ್ರೆ ನೋಡಿ, ವಾರ್ಡಿಂದ ಆಯಾ ಒಬ್ಬಳನ್ನ ಅರ್ಜೆಂಟಾಗಿ ಕಳಿಸಿದ್ರೆ ನೀವು ಬಾಗಿಲು ತೆಗೀಬೇಕಲ್ಲ? ಅವಳು ಬೆಲ್ ಒತ್ತಿದ್ರೆ ಮನೆಗೆ ಬೆಂಕಿ ಬೀಳೋ ಹಾಗಿದ್ರೆ ನಾನು ಹೇಗೆ ಕಳಿಸ್ಲಿ?"

ಟೈಲರಮ್ಮ ನೇತಾಡುತ್ತಿದ್ದ ತಂತಿಯನ್ನು ಪಕ್ಕಕ್ಕೆ ಸರಿಸಿದಳು.

"ನಾಲ್ಕನೇ ಸಲ ಬರೋ ಅಭ್ಯಾಸ ನಂಗಿಲ್ಲ ಅಂದಿದ್ದೆ." ಮೇಟ್ರನ್ ಮೆಟ್ಟಿಲಿಳಿದು ಹಿಂತಿರುಗಿ ನೋಡಿದರು. "ಸೋಮವಾರ ಬರ್ತೀನಿ. ಬೆಲ್ ಒತ್ತುತ್ತೀನಿ. ನಿಮಗೆ ಕೇಳಿಸಿದ್ರೆ ನೂರಿಪ್ಪತ್ತೂ ನಿಮ್ಮದೇ. ಸೈರನ್ ಅಲ್ಲ, ಬೆಲ್ಲು. ಸಾಮಾನ್ಯ ಬೆಲ್ಲು. ಟಿಂಗ್ ಟಾಂಗ್ ಅಂದ್ರೆ ಸಾಕು."

ಗೇಟು ದಾಟುವಾಗ ಅವರ ಮುಖದಲ್ಲಿ ನಗುವಿತ್ತೋ ಇಲ್ಲವೋ, ಹೊಸ ಬೆಲ್ಲಿನ ಕ್ಯಾಮೆರಾಕ್ಕೆ ಕಂಡಿದ್ದರೆ ಕಂಡಿರಬೇಕು. ಅದನ್ನು ಮಾವ ತಲೆಕೆಳಗಾಗಿ ಸಿಕ್ಕಿಸಿದ್ದರು.

"ಸೋಮವಾರಕ್ಕೆ ಇನ್ನೂ ಎರಡು ದಿನ ಇದೆ," ಎಂದರು ಮಾವ, ಪಟ್ಟಿ ಕಟ್ಟಿದ ಬೆರಳೆತ್ತಿ. "ಬಚ್ಚಲುಮನೆ ಕಿಟಕಿದು ಒಂದು ಜಾಗ ನೋಡಿದ್ದೀನಿ ಮಗಳೇ."

"ಬೇಡ ಮಾವ!" ಟೈಲರಮ್ಮ ಎರಡೂ ಕೈ ಜೋಡಿಸಿದಳು. "ನಿಮ್ಮ ಕಾಲಿಗೆ ಬೀಳ್ತೀನಿ. ಹಳೇ ಬೆಲ್ಲನ್ನೇ ಮತ್ತೆ ಹಾಕ್ತೀನಿ. ಮಷೀನ್ ನಿಲ್ಲಿಸಿ ನಿಲ್ಲಿಸಿ ಕಿವಿ ಕೊಡ್ತೀನಿ."

ಗುಂಡಿಗಳ ಡಬ್ಬಿಯಿಂದ ಹಳೇ ಪೆಟ್ಟಿಗೆಯನ್ನು ತೆಗೆದು ಮೊಳೆಗೆ ನೇತುಹಾಕಿದಳು. ಮಾವ ಹೊರಗೆ ಹಾಗೇ ಉಳಿದಿದ್ದ ಹಳೇ ಬೆಲ್ಲಿನ ಗುಂಡಿಯನ್ನು ಒತ್ತಿದರು. ಸದ್ದಿಲ್ಲ. ಮತ್ತೆ ಒತ್ತಿದರು. ಹಿಂದಿನ ಕೋಣೆಯಲ್ಲಿ ಮಷೀನು ತಣ್ಣಗೆ ಮಲಗಿತ್ತು, ನಲ್ಲಿ ಮುಚ್ಚಿತ್ತು, ಎದುರುಮನೆ ಅಕ್ಕ ಕೂಡ ಮಾತಾಡುತ್ತಿರಲಿಲ್ಲ. ಅಂಥ ನಿಶ್ಶಬ್ದದಲ್ಲೂ ಬೆಲ್ಲು ಉಸಿರೆತ್ತಲಿಲ್ಲ.

ಟೈಲರಮ್ಮ ಪೆಟ್ಟಿಗೆಯನ್ನು ತಟ್ಟಿ ನೋಡಿದಳು.

ಪುಟ್ಟಿ ಅಮ್ಮನ ಸೆರಗು ಜಗ್ಗಿದಳು. ಅವಳ ಕಣ್ಣು ತುಂಬಿತ್ತು. ಗೊಂಬೆಯನ್ನು ಒಮ್ಮೆ ಗಟ್ಟಿಯಾಗಿ ಅಪ್ಪಿಕೊಂಡಳು. "ನಾನಿಲ್ಲೇ ಇದ್ದೀನಿ!" ಎಂದಿತು ಅದು. ಪುಟ್ಟಿ ಅದನ್ನು ಎರಡೂ ಕೈಯಲ್ಲಿ ಅಮ್ಮನತ್ತ ಚಾಚಿದಳು.

"ಅಮ್ಮಾ, ಅವತ್ತು ನಾನು ಅಳ್ತಿದ್ದೆ ಅಂತ ಬೆಲ್ಲಿನ ಸೆಲ್ ತೆಗೆದು ಇವಳ ಹೊಟ್ಟೆಗೆ ಹಾಕಿದ್ದೆಯಲ್ಲ... ಈಗ ವಾಪಸ್ ತಗೊಂಡ್ರೆ, ಇವಳು ಮತ್ತೆ ಯಾವತ್ತೂ ಮಾತಾಡಲ್ವಾ?"